ಪಾರ್ಟಿಷನ್: ಡಿಸ್ಕಿನ ಹಿಸೆ

ಶಿರಸಿ ಕಡೆ 'ಅವರ ಮನೆಯಲ್ಲಿ ಪಾರ್ಟಿಷನ್ ಆಯ್ತಂತೆ' ಅಂದರೆ ಯಾರಿಗೂ ಕಂಪ್ಯೂಟರ್ ನೆನಪಾಗುವುದಿಲ್ಲ. ಅಣ್ಣತಮ್ಮಂದಿರು ಬೇರೆಯಾದರು, ತೋಟ ಎರಡಾಯಿತು, ಒಲೆಯೂ ಎರಡಾಯಿತು ಅಂತಲೇ ಅರ್ಥ. ನಮ್ಮ ಹಿರಿಯರ ಬಾಯಲ್ಲಿ ಅದು ಹಿಸೆ. ಮೊದಲ ಸಲ, ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಹಾಕಲು ಕೂತವರ ಕೈ ನಡುಗುವುದೂ ಇದೇ ಪದದ ಹತ್ತಿರ ಬಂದಾಗ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದಾದ ಮೇಲೆ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಜಗುಲಿಗೆ ಬರುವವರು ಜಾಸ್ತಿಯಾಗಿದ್ದಾರೆ. ಮಷಿನ್ ಚೆನ್ನಾಗಿಯೇ ಓಡುತ್ತಿದೆ, ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಅದರಲ್ಲಿಲ್ಲ. ಎಸೆಯಲು ಮನಸ್ಸಿಲ್ಲ. ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕೋಣ ಅಂತ ಕೂರುತ್ತೇವೆ. ಮಿಂಟ್ ಇಡಿಯಾಗಿ ಇರುವ ಐಎಸ್ಒ ಫೈಲ್ ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆಯುವುದು, ಅದರಿಂದ ಲ್ಯಾಪ್‌ಟಾಪ್ ಶುರು ಮಾಡುವುದು, ಭಾಷೆ, ಕೀಬೋರ್ಡ್, ವೈಫೈ, ಇದೆಲ್ಲ ಚಹಾ ಕುಡಿಯುತ್ತ ಮಾಡುವ ಕೆಲಸ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡುವವರೆಗೆ ನಿಮ್ಮ ಡಿಸ್ಕಿಗೆ ಏನೂ ಆಗುವುದಿಲ್ಲ. ಆಮೇಲೆ ಒಂದು ಪರದೆ ಬರುತ್ತದೆ. ಎಲ್ಲಿ ಹಾಕಲಿ ಅಂತ ಕೇಳುತ್ತದೆ. ಚಹಾ ಕೆಳಗಿಡಬೇಕಾದ್ದು ಅಲ್ಲಿ.

ಪಾರ್ಟಿಷನ್ ಅಂದರೆ ಇಷ್ಟೇ: ಒಂದು ಡಿಸ್ಕಿನ ಜಾಗವನ್ನು ಇಲ್ಲಿಂದ ಇಲ್ಲಿಯವರೆಗೆ ಒಂದು ಪಾಲು, ಅಲ್ಲಿಂದ ಮುಂದೆ ಇನ್ನೊಂದು ಪಾಲು ಅಂತ ಬರೆದಿಡುವುದು. ಡಿಸ್ಕನ್ನು ಯಾರೂ ಕತ್ತರಿಸುವುದಿಲ್ಲ, ಒಳಗೆ ಗೋಡೆಯೂ ಏಳುವುದಿಲ್ಲ. ಯಾವ ಪಾಲು ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನುವ ಲೆಕ್ಕ ಡಿಸ್ಕಿನ ತಲೆಯಲ್ಲಿ ಒಂದು ಸಣ್ಣ ಪಟ್ಟಿಯಲ್ಲಿರುತ್ತದೆ. ಅದಕ್ಕೆ ಪಾರ್ಟಿಷನ್ ಟೇಬಲ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹಿಸೆ ಪತ್ರ.

ಈ ಹಿಸೆ ಪತ್ರದ ಹಳೇ ನಮೂನೆ ಎಂಬಿಆರ್, 1983ರಲ್ಲಿ ಬಂದದ್ದು. ಡಿಸ್ಕಿನ ಮೊದಲ 512 ಬೈಟಿನೊಳಗೇ ಎಲ್ಲ ಮುಗಿಯಬೇಕು. ಅದರಲ್ಲಿ ಪಾಲುಗಳ ಪಟ್ಟಿಗೆ ಸಿಕ್ಕ ಜಾಗ 64 ಬೈಟ್. ಒಂದು ಪಾಲಿನ ವಿವರಕ್ಕೆ 16 ಬೈಟ್, ಹಾಗಾಗಿ ನಾಲ್ಕೇ ಪಾಲು. ಐದನೇ ಮಗ ಹುಟ್ಟಿದರೆ? ನಾಲ್ಕರಲ್ಲಿ ಒಂದನ್ನು 'ಎಕ್ಸ್‌ಟೆಂಡೆಡ್' ಅಂತ ಮಾಡಿ ಅದರೊಳಗೆ ಮತ್ತೆ ಒಳಪಾಲು ಮಾಡಬೇಕಿತ್ತು. ಸಾಮಾನ್ಯ ಡಿಸ್ಕಿನಲ್ಲಿ 2 ಟಿಬಿ ದಾಟಿದ ಜಾಗವೂ ಅದಕ್ಕೆ ಕಾಣುತ್ತಿರಲಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಜಿಪಿಟಿ ನಮೂನೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗ ಇದೆ. ಯಾವ ಕೂಡುಕುಟುಂಬಕ್ಕೂ ಅಷ್ಟು ಬೇಕಾಗಲಿಕ್ಕಿಲ್ಲ. ನನಗೆ ಇಷ್ಟವಾದದ್ದು ಬೇರೆ: ಜಿಪಿಟಿ ತನ್ನ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಟ್ಟಿರುತ್ತದೆ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಮನೆಯ ಪೆಟ್ಟಿಗೆಯಲ್ಲಿ ಇದ್ದ ಹಾಗೆ.

ಈಗ ಆ ಪರದೆಗೆ ಬರೋಣ. ಹೋದ ತಿಂಗಳು ಪಕ್ಕದ ಮನೆ ಮಾವನ ಲ್ಯಾಪ್‌ಟಾಪಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಡಿಸ್ಕಿನ ಮೇಲೆ 256 ಜಿಬಿ ಅಂತ ಬರೆದಿತ್ತು, ವಿಂಡೋಸ್ ತೋರಿಸುತ್ತಿದ್ದದ್ದು 238. 'ಉಳಿದ 18 ಯಾರು ನುಂಗಿದ್ದು?' ಅಂತ ಮಾವ ಮೊದಲೇ ಜಗಳಕ್ಕೆ ನಿಂತ. ಯಾರೂ ನುಂಗಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಕೊಳಗ ಬದಲಾದರೆ ಅದೇ ಭತ್ತ ಕಡಿಮೆ ಕಾಣುವುದಿಲ್ಲವಾ, ಹಾಗೆ.

ಪಟ್ಟಿಯಲ್ಲಿ ನಾಲ್ಕು ಸಾಲು ಇದ್ದವು. ಮೊದಲನೆಯದು 100 ಎಂಬಿ, ಫ್ಯಾಟ್32. ಎರಡನೆಯದು 16 ಎಂಬಿ, ವಿಂಡೋಸ್ ತನಗಾಗಿ ಕಾದಿಟ್ಟುಕೊಂಡದ್ದು. ಮೂರನೆಯದು ದೊಡ್ಡದು, ಎನ್‌ಟಿಎಫ್‌ಎಸ್. ಮಾವನ ಸಿ ಡ್ರೈವ್ ಅದೇ. ಕೊನೆಗೊಂದು 600 ಎಂಬಿ ಹತ್ತಿರದ್ದು, ವಿಂಡೋಸ್ ಕೆಟ್ಟರೆ ರಿಪೇರಿಗೆ. ಸಿ, ಡಿ ಅನ್ನುವ ಅಕ್ಷರ ಎಲ್ಲೂ ಇಲ್ಲ. ಲಿನಕ್ಸಿಗೆ ಆ ಅಕ್ಷರಗಳ ಹಂಗಿಲ್ಲ. ಬದಲಿಗೆ ಎನ್‌ವಿಎಂಇ0ಎನ್1ಪಿ3 ಥರದ ಹೆಸರು. ನೋಡಲು ಭಯಂಕರ, ಓದಿದರೆ ಸರ್ವೆ ನಂಬರ್ ಇದ್ದಂತೆ: ಮೊದಲ ಡಿಸ್ಕಿನ ಮೂರನೇ ಪಾಲು. ಹಳೇ ಸಾಟಾ ಡಿಸ್ಕ್ ಆದರೆ ಎಸ್‌ಡಿಎ3 ಅಂತ ಚಿಕ್ಕದಾಗಿ ಇರುತ್ತದೆ. ಎಸ್‌ಡಿಬಿ ಅಂತ ಇನ್ನೊಂದು ಕಂಡರೆ ಹೆದರಬೇಡಿ, ಹೆಚ್ಚಾಗಿ ಅದು ನೀವೇ ಚುಚ್ಚಿದ ಪೆನ್‌ಡ್ರೈವ್.

ಆ ಮೊದಲನೇ 100 ಎಂಬಿಯ ಪಾಲಿನ ಬಗ್ಗೆ ಒಂದು ಮಾತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು 260 ಎಂಬಿ ಇರುತ್ತದೆ. ಹೆಸರು ಇಎಫ್ಐ ಪಾರ್ಟಿಷನ್. ಸಣ್ಣದು, ಏನೋ ಕಸ ಇರಬೇಕು ಅಂತ ಅಳಿಸಿದವರನ್ನು ನೋಡಿದ್ದೇನೆ. ಅದು ಹಿತ್ತಿಲ ಮೂಲೆಯಲ್ಲ, ದಣಪೆ. ಮಷಿನ್ ಶುರುವಾದಾಗ ಮೊದಲು ಒಳಗೆ ಕಾಲಿಡುವುದು ಅಲ್ಲಿಂದಲೇ. ಮನೆ ಎರಡಾದರೂ ದಣಪೆ ಒಂದೇ ಇರಬಹುದು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ತಮ್ಮ ತಮ್ಮ ಬೂಟ್ ಫೈಲನ್ನು ಅದೇ ಪಾಲಿನಲ್ಲಿ ಇಟ್ಟುಕೊಳ್ಳುತ್ತವೆ. ಹೊಸದು ಮಾಡುವುದು ಬೇಡ, ಹಳೆಯದನ್ನು ಫಾರ್ಮ್ಯಾಟ್ ಮಾಡುವುದಂತೂ ಬೇಡವೇ ಬೇಡ.

ಫಾರ್ಮ್ಯಾಟ್ ಅಂದೆ ಅಲ್ವಾ, ಅದನ್ನೂ ಪಾರ್ಟಿಷನ್ನನ್ನೂ ಕಲಸಿಕೊಳ್ಳುವವರು ಬಹಳ. ಪಾರ್ಟಿಷನ್ ಅಂದರೆ ಗಡಿ. ಫಾರ್ಮ್ಯಾಟ್ ಅಂದರೆ ಆ ಗಡಿಯೊಳಗೆ ನೆಲ ಹಸನು ಮಾಡಿ ಮಡಿ ಹಾಕುವುದು. ಗದ್ದೆಗೆ ಒಂದು ರೀತಿ, ತೋಟಕ್ಕೆ ಇನ್ನೊಂದು. ವಿಂಡೋಸಿನದು ಎನ್‌ಟಿಎಫ್‌ಎಸ್ ಪದ್ಧತಿ, ಉಬುಂಟು ಮತ್ತು ಅದರ ಮೇಲೆ ಕಟ್ಟಿದ ಮಿಂಟ್ ತಾವಾಗಿಯೇ ಆರಿಸಿಕೊಳ್ಳುವುದು ಇಎಕ್ಸ್‌ಟಿ4. ಲಿನಕ್ಸಿಗೆ ಎರಡೂ ಓದಲು ಬರುತ್ತದೆ. ವಿಂಡೋಸಿಗೆ ತಾನಾಗಿ ಇಎಕ್ಸ್‌ಟಿ4 ಓದಲು ಬರುವುದಿಲ್ಲ. ಹಾಗಾಗಿ ಇಎಕ್ಸ್‌ಟಿ4 ಇರುವ ಹಾರ್ಡ್‌ಡಿಸ್ಕನ್ನು ವಿಂಡೋಸ್ ಮಷಿನ್ನಿಗೆ ಚುಚ್ಚಿದರೆ 'ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು' ಅಂತ ವಿನಯದಿಂದ ಕೇಳೀತು. ಆ ವಿನಯಕ್ಕೆ ಮರುಳಾಗಬೇಡಿ.

ಗಡಿ ಅಳಿಸುವುದಕ್ಕೂ ಒಳಗಿನದು ಹಾಳಾಗುವುದಕ್ಕೂ ಇರುವ ದೂರ ನಾನು ಎರಡು ಸಲ ಕೈ ಸುಟ್ಟುಕೊಂಡು ಕಲಿತದ್ದು. ಮೊದಲ ಸಲ, ಎರಡು ಡಿಸ್ಕ್ ಇದ್ದ ಮಷಿನ್ನಿನಲ್ಲಿ ತಪ್ಪು ಡಿಸ್ಕಿನ ಪಾರ್ಟಿಷನ್ ಡಿಲೀಟ್ ಮಾಡಿಬಿಟ್ಟೆ. ಮನೆಯ ಫೋಟೋ ಎಲ್ಲ ಅದರಲ್ಲೇ. ಎದೆ ಧಸಕ್ ಅಂತು. ಆದರೆ ಅಳಿದದ್ದು ಹಿಸೆ ಪತ್ರದ ಒಂದು ಸಾಲು ಮಾತ್ರ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದ ತಕ್ಷಣ ತೋಟದ ಅಡಿಕೆ ಮರ ಬೀಳುವುದಿಲ್ಲವಲ್ಲ. ಅದರ ಮೇಲೆ ಹೊಸದೇನೂ ಬರೆಯದೆ, ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಅದು ಡಿಸ್ಕ್ ಪೂರ್ತಿ ತಡಕಾಡಿ ಹಳೇ ಗಡಿಕಲ್ಲು ಎಲ್ಲಿತ್ತು ಅಂತ ಹುಡುಕಿಕೊಟ್ಟಿತು. ಸಾಲನ್ನು ಮತ್ತೆ ಬರೆದಾಗ ಫೋಟೋಗಳು ಇದ್ದಲ್ಲೇ ಇದ್ದವು.

ಎರಡನೇ ಸಲ ಅಷ್ಟು ಪುಣ್ಯ ಇರಲಿಲ್ಲ. ಮಳೆಗಾಲ. ಜೀವ ಹೋದ ಬ್ಯಾಟರಿಯ ಲ್ಯಾಪ್‌ಟಾಪ್, ವೈರ್ ಚುಚ್ಚಿದ್ದಷ್ಟೇ ಆಸರೆ. ಒಂದು ಪಾರ್ಟಿಷನ್ನಿನ ಎಡಗಡಿಯನ್ನು ಸ್ವಲ್ಪ ಬಲಕ್ಕೆ ಸರಿಸೋಣ ಅಂತ ಗಡಿ ಬದಲಿಸುವ ಸಾಫ್ಟ್‌ವೇರ್ ಜಿಪಾರ್ಟೆಡ್‌ನಲ್ಲಿ ಎಳೆದೆ. ಅದರಲ್ಲಿ ನೀವು ಎಷ್ಟು ಎಳೆದರೂ ಹಸಿರು ಟಿಕ್ ಒತ್ತುವ ತನಕ ಡಿಸ್ಕಿನಲ್ಲಿ ಏನೂ ಆಗುವುದಿಲ್ಲ. ಒತ್ತಿದೆ. ಬಲಗಡಿ ಒಳಕ್ಕೆ ತಂದರೆ ಕೊನೆಯ ತುದಿಯಲ್ಲಿರುವುದನ್ನು ಮಾತ್ರ ಒಳಗೆಳೆದುಕೊಂಡರೆ ಸಾಕು. ಎಡಗಡಿ ಸರಿಸಿದರೆ ಒಳಗಿದ್ದ ಅಷ್ಟೂ ಸರಂಜಾಮನ್ನು ಹೊತ್ತು ಹೊಸ ಜಾಗಕ್ಕೆ ಇಡಬೇಕು. ಇದು ಗೆರೆ ಎಳೆಯುವ ಕೆಲಸ ಅಲ್ಲ, ತೋಟವನ್ನೇ ಕಿತ್ತು ನೆಡುವ ಕೆಲಸ. ಅರ್ಧ ನೆಟ್ಟಾಗಿತ್ತು, ಕರೆಂಟು ಹೋಯಿತು. ಮರುದಿನ ಸಂಜೆ ಬಂತು. ಟೆಸ್ಟ್‌ಡಿಸ್ಕಿಗೂ ಅದರಲ್ಲಿ ಹೆಚ್ಚೇನೂ ಸಿಗಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಆಷಾಢದಲ್ಲಿ ಮದುವೆಯೂ ಇಲ್ಲ, ಪಾರ್ಟಿಷನ್ನೂ ಇಲ್ಲ. ಮಾಡಲೇಬೇಕಿದ್ದರೆ ಬ್ಯಾಟರಿ ಗಟ್ಟಿ ಇರಬೇಕು, ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಬೇಕು.

ಇನ್‌ಸ್ಟಾಲರ್ ಸಾಮಾನ್ಯವಾಗಿ ಮೂರು ದಾರಿ ತೋರಿಸುತ್ತದೆ. 'ಇರೇಸ್ ಡಿಸ್ಕ್' ಅಂದರೆ ಹಿಸೆ ಪತ್ರವನ್ನೇ ಹರಿದು ಇಡೀ ಆಸ್ತಿಯನ್ನು ಲಿನಕ್ಸಿಗೆ ಬರೆದುಕೊಡುವುದು. ವಿಂಡೋಸ್ ಬೇಡ, ಒಳಗೆ ಬೇಕಾದ ಫೈಲೂ ಇಲ್ಲ ಅಂದರೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಅದರಲ್ಲಿರುವ ಡಿಸ್ಕ್ ಅನ್ನುವ ಪದ ಮಾತ್ರ ಗಮನಿಸಿ. ಸಿ ಡ್ರೈವ್ ಅಂತ ಅಲ್ಲ, ಡಿಸ್ಕ್. ಡಿ ಡ್ರೈವಿನಲ್ಲಿ ಇಟ್ಟದ್ದು ಉಳಿಯುತ್ತದೆ ಅಂತ ನಂಬಿ ಒತ್ತಿದವರು ಇದ್ದಾರೆ. ಎರಡನೇ ದಾರಿ 'ಅಲಾಂಗ್‌ಸೈಡ್', ವಿಂಡೋಸ್ ಪಕ್ಕದಲ್ಲೇ ಲಿನಕ್ಸಿಗೂ ಮನೆ. ಮೂರನೆಯದರಲ್ಲಿ ಎಲ್ಲ ಗಡಿಯನ್ನೂ ನೀವೇ ಹಾಕಬೇಕು. ಹೊಸಬರು ಅದನ್ನು ನೋಡಿ ಹೆದರುತ್ತಾರೆ. ನನ್ನ ಅಭಿಪ್ರಾಯ ಬೇರೆ: ಅಲ್ಲಿ ಏನು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಒಮ್ಮೆ ತೆರೆದು ಓದಿಯೇ ಮುಂದೆ ಹೋಗುವುದು ಒಳ್ಳೆಯದು. ಬರೀ ಓದಿದರೆ ಏನೂ ಕೆಡುವುದಿಲ್ಲ.

ಮಾವನಿಗೆ ವಿಂಡೋಸೂ ಬೇಕಿತ್ತು, ಯಾವುದೋ ಲೆಕ್ಕದ ಸಾಫ್ಟ್‌ವೇರ್ ಅದರಲ್ಲೇ ನಡೆಯುವುದು. ಜಾಗ ಬಿಡಿಸುವ ಕೆಲಸವನ್ನು ವಿಂಡೋಸಿನ ಕೈಯಲ್ಲೇ ಮಾಡಿಸಿದೆ. ತನ್ನ ಸಾಮಾನು ಎಲ್ಲಿಟ್ಟಿದೆ ಅಂತ ಅದಕ್ಕೇ ಚೆನ್ನಾಗಿ ಗೊತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್. ಅಂಕಿ ಎಂಬಿಯಲ್ಲಿ ಕೇಳುತ್ತದೆ, 60 ಜಿಬಿಗೆ 61440. ಮಿಂಟಿಗೆ ಕನಿಷ್ಠ 20 ಜಿಬಿ ಸಾಕು, 100 ಇದ್ದರೆ ಆರಾಮ ಅನ್ನುತ್ತಾರೆ ಮಾಡಿದವರೇ. ಮಾವನ ಡಿಸ್ಕಿನಲ್ಲಿ 60ಕ್ಕಿಂತ ಜಾಸ್ತಿ ಬಿಡಿಸಲು ಆಗಲಿಲ್ಲ. ಅಲ್ಲಾಡದ ಕೆಲವು ಸಿಸ್ಟಂ ಫೈಲುಗಳು ನಡುವೆ ಕೂತಿದ್ದರೆ ಜಾಗ ಖಾಲಿ ಇದ್ದರೂ ವಿಂಡೋಸ್ ಬಿಡುವುದಿಲ್ಲ.

ಇನ್ನೆರಡು ಕೆಲಸ ಅಲ್ಲೇ ಮುಗಿಸಬೇಕು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಅದು ಇದ್ದರೆ ವಿಂಡೋಸ್ ಶಟ್‌ಡೌನ್ ಆದಂತೆ ಕಂಡರೂ ಅರೆನಿದ್ದೆಯಲ್ಲಿರುತ್ತದೆ, ಆಗ ಲಿನಕ್ಸಿನಿಂದ ಅದರ ಪಾಲಿಗೆ ಬರೆಯಲು ಹೋದರೆ ತಕರಾರು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿದರೆ ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಹಾಗೆ ಬಿಟ್ಟುಬಂದ ಜಾಗ ಇನ್‌ಸ್ಟಾಲರಿನಲ್ಲಿ 'ಫ್ರೀ ಸ್ಪೇಸ್' ಅಂತ ಕಾಣುತ್ತದೆ. ಯಾರ ಹೆಸರಿಗೂ ಆಗದ ನೆಲ. ಅಲ್ಲಿ ಇಎಕ್ಸ್‌ಟಿ4 ಅಂತ ಆರಿಸಿ, ಮೌಂಟ್ ಪಾಯಿಂಟ್ ಅನ್ನುವಲ್ಲಿ ಒಂದೇ ಒಂದು ಓರೆಗೆರೆ / ಕೊಟ್ಟರೆ ಸಾಕು. ಅದಕ್ಕೆ ರೂಟ್ ಅನ್ನುತ್ತಾರೆ, ಬೇರು. ಮೆಮೊರಿ ಸಾಲದಾಗ ಬಳಸುವ ಜಾಗಕ್ಕೆ ಸ್ವಾಪ್ ಅಂತ ಬೇರೆ ಪಾಲು ಮಾಡಿ ಅನ್ನುವ ಸಲಹೆ ಹಳೆಯದು. ಉಬುಂಟು 2017ರ 17.04ರಿಂದ ಸ್ವಾಪನ್ನು ಒಂದು ಫೈಲ್ ಮಾಡಿಯೇ ಇಟ್ಟುಕೊಳ್ಳುತ್ತದೆ. ಸ್ವಂತ ಫೈಲುಗಳಿಗೆ ಹೋಮ್ ಅಂತ ಬೇರೆ ಪಾಲು ಮಾಡುವವರಿದ್ದಾರೆ. ಮುಂದೆ ಡಿಸ್ಟ್ರೋ (ಲಿನಕ್ಸಿನ ಬಗೆ) ಬದಲಿಸುವ ಚಪಲ ಇದ್ದರೆ ಅದು ಒಳ್ಳೆಯದೇ. 60 ಜಿಬಿಯಲ್ಲಿ ಮತ್ತೆ ಹಿಸೆ ಮಾಡುವುದು ನನಗೆ ಸರಿ ಕಾಣಲಿಲ್ಲ.

ಮೌಂಟ್ ಅಂದರೇನು ಅಂತ ಮಾವ ಕೇಳಿದ. ವಿಂಡೋಸಿನಲ್ಲಿ ಒಂದೊಂದು ಪಾಲಿಗೆ ಒಂದೊಂದು ಅಕ್ಷರ, ಬೇರೆ ಬೇರೆ ಮನೆ ಇದ್ದ ಹಾಗೆ. ಲಿನಕ್ಸಿನಲ್ಲಿ ಎಲ್ಲವೂ ಆ ಒಂದೇ ಬೇರಿನಿಂದ ಹೊರಡಬೇಕು. ಬೇರೆ ಪಾಲನ್ನು ನೋಡಬೇಕಾದರೆ ಅದನ್ನು ಒಂದು ಫೋಲ್ಡರಿಗೆ ಜೋಡಿಸಬೇಕು. ಹಳ್ಳಕ್ಕೆ ಸಂಕ ಹಾಕಿದ ಹಾಗೆ ಅಂದೆ. ಸಂಕ ಇದ್ದಾಗ ಆಚೆಯ ಗದ್ದೆಗೆ ಹೋಗಿಬರಬಹುದು. ತೆಗೆದರೆ ದಾರಿ ಇಲ್ಲ, ಗದ್ದೆ ಅಲ್ಲೇ ಇರುತ್ತದೆ.

'ಇನ್‌ಸ್ಟಾಲ್ ನೌ' ಒತ್ತುವ ಮೊದಲು ಯಾವ ಪಾಲು ಫಾರ್ಮ್ಯಾಟ್ ಆಗುತ್ತದೆ ಅಂತ ಇನ್‌ಸ್ಟಾಲರ್ ಒಂದು ಪಟ್ಟಿ ತೋರಿಸಿತು. ಮಾವನಿಗೇ ಗಟ್ಟಿಯಾಗಿ ಓದಲು ಹೇಳಿದೆ. ಅದರಲ್ಲಿ 60 ಜಿಬಿಯ ಹೊಸ ಪಾಲು ಒಂದೇ ಇತ್ತು. ಒತ್ತಿದೆವು. ಮುಗಿದ ಮೇಲೆ ಮಾವ ಗಡಿಯಾರ ನೋಡಿ ಹೇಳಿದ: 'ತಮಾ, ನಂಗಳ ಮನೆ ಹಿಸೆ ಮುಗಿಯಲೆ ಹನ್ನೊಂದು ವರ್ಷ ಬೇಕಾತು.'

ಮತ್ತೆ ಶುರು ಮಾಡಿದಾಗ ಕಪ್ಪು ಪರದೆಯ ಮೇಲೆ ಮಿಂಟ್, ವಿಂಡೋಸ್ ಎರಡೂ ಹೆಸರು ಬಂದವು. ಮಿಂಟಿಗೆ ಹೋಗಿ, ಫೈಲ್ ಮ್ಯಾನೇಜರಿನ ಎಡಗಡೆ ಕಾಣುತ್ತಿದ್ದ ದೊಡ್ಡ ಪಾಲಿನ ಮೇಲೆ ಕ್ಲಿಕ್ ಮಾಡಿದೆ. ಮೊಮ್ಮಗಳ ನಾಮಕರಣದ ಫೋಟೋ ಒಂದೊಂದಾಗಿ ತೆರೆದುಕೊಂಡವು. ಮಾವ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದ.

'ಹಂಗಾರೆ ಫೋಟೋ ಯಾರ ಪಾಲಿಗೆ ಬಂತು?'

'ವಿಂಡೋಸ್ ಪಾಲಿಗೇ, ಮಾವ. ನಾವು ಸಂಕ ದಾಟಿ ಬಂದು ನೋಡ್ತಾ ಇರೋದು.'