ಮನೆಯೇ ಹೋದವರಿಗೆ ಮನೋವೈದ್ಯರು ಯಾಕೆ?

ಪ್ರಶ್ನೆ: ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಬೇಕಿರೋದು ಊಟ, ಬಟ್ಟೆ, ಸೂರು. ಅಲ್ಲಿ ಮನೋವೈದ್ಯರು ಹೋಗಿ ಮಾತಾಡಿಸಿ ಏನು ಮಾಡುತ್ತಾರೆ?

ಊಟ, ಸೂರು ಮೊದಲು ಅನ್ನೋದು ನಿಜ. ಅಲ್ಲಿಗೆ ಹೋಗುವ ಮನೋವೈದ್ಯರೂ ಅದನ್ನೇ ಹೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ನಿಮ್ಹಾನ್ಸ್ ತಂಡ ಅಲ್ಲಿಗೆ ಹೋಗಿತ್ತು. ಇಂಥ ಕಡೆ ಮೊದಲ ದಿನಗಳ ಕೆಲಸ ನೋಡಿದರೆ ಇದು ಡಾಕ್ಟರ ಕೆಲಸ ಅಂತ ಅನ್ನಿಸುವುದೇ ಇಲ್ಲ. ಸುಮ್ನೆ ಪಕ್ಕದಲ್ಲಿ ಕೂರುವುದು, ನೀರು ಕೊಡುವುದು, ದಿನಾ ತಗೊಳ್ಳುತ್ತಿದ್ದ ಯಾವ ಮಾತ್ರೆ ಮನೆ ಜೊತೆ ಮಣ್ಣಾಯಿತು ಅಂತ ಕೇಳಿ ತರಿಸುವುದು, ಇನ್ನೊಂದು ಪರಿಹಾರ ಕೇಂದ್ರದಲ್ಲಿರುವ ಅಣ್ಣನ ಜೊತೆ ಫೋನಲ್ಲಿ ಮಾತಾಡಿಸುವುದು. ಇದನ್ನೇ ಮಾನಸಿಕ ಪ್ರಥಮ ಚಿಕಿತ್ಸೆ ಅನ್ನುತ್ತಾರೆ.

ಮಾತಾಡಿಸೋ ವಿಷಯಕ್ಕೆ ಬರೋಣ. "ಎಲ್ಲಾ ಹೇಳಿಬಿಡಿ, ಮನಸ್ಸು ಹಗುರ ಆಗುತ್ತೆ" ಅಂತ ನಾವು ಒತ್ತಾಯ ಮಾಡುತ್ತೇವೆ, ಅಲ್ವಾ? ಅದು ತಪ್ಪು. ನಡೆದಿದ್ದನ್ನೆಲ್ಲ ಒಂದೇ ಸಲ ಕೂರಿಸಿ ಹೇಳಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ತಾವಾಗಿಯೇ ಹೇಳಿಕೊಂಡರೆ ಕೇಳಬೇಕು, ಅಷ್ಟೇ. ಮೊಬೈಲ್ ಹಿಡಿದು "ಹೇಗಾಯ್ತು ಹೇಳಿ" ಅಂತ ಬೆನ್ನು ಹತ್ತುವವರು ದಯವಿಟ್ಟು ದೂರ ಇರಿ.

ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು ಕಾಯಿಲೆ ಅಲ್ಲ. ಜಾಸ್ತಿ ಜನ ತಮ್ಮವರ ಜೊತೆಯಲ್ಲೇ ನಿಧಾನವಾಗಿ ಸರಿಹೋಗುತ್ತಾರೆ. ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕುಡಿತ ಹೆಚ್ಚಿದರೆ ಆಗ ಚಿಕಿತ್ಸೆ ಬೇಕು. ಸಾಯಬೇಕು ಅನ್ನುವ ಮಾತು ಬಂದರಂತೂ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ಆ ಕ್ಷಣವೇ ಕರೆದುಕೊಂಡು ಹೋಗಿ.

ನನ್ನ ಪ್ರಕಾರ ಮನೋವೈದ್ಯರ ಅಗತ್ಯ ನಿಜವಾಗಿ ಗೊತ್ತಾಗುವುದು ಮರುವರ್ಷದ ಜೂನ್‌ನಲ್ಲಿ, ಮತ್ತೆ ಮಳೆ ಶುರುವಾದಾಗ. ಹೊಸ ಮನೆ ಸಿಕ್ಕಿರುತ್ತದೆ, ನೋಡಲು ಬರುತ್ತಿದ್ದವರೆಲ್ಲ ಹೋಗಿರುತ್ತಾರೆ. ರಾತ್ರಿ ಮಳೆ ಜೋರಾಯಿತು ಅಂದರೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ಟಾರ್ಚು ಎಲ್ಲ ಒಂದು ಬ್ಯಾಗಿಗೆ ತುಂಬಿ, ಮಕ್ಕಳಿಗೆ ಚಪ್ಪಲಿ ಹಾಕಿಸಿಯೇ ಮಲಗಿಸಿ, ತಾಯಿ ಬೆಳಗಿನವರೆಗೆ ಬಾಗಿಲ ಹತ್ತಿರ ಕೂತಿರುತ್ತಾಳೆ. ಆ ಹೊತ್ತಿಗೆ ಬೆಂಗಳೂರಿಂದ ಬಂದಿದ್ದ ಡಾಕ್ಟರು ಅಲ್ಲಿರುವುದಿಲ್ಲ. ಅದಕ್ಕೇ 1999ರ ಒಡಿಶಾ ಚಂಡಮಾರುತ, 2004ರ ಸುನಾಮಿ ಆದಾಗ ನಿಮ್ಹಾನ್ಸ್‌ನವರು ಆಯಾ ಊರಿನವರಿಗೇ ತರಬೇತಿ ಕೊಟ್ಟರು. ಬಾಗಿಲು ತಟ್ಟಿ "ಅಕ್ಕಾ, ರಾತ್ರಿ ನಿದ್ದೆ ಬಂತಾ?" ಅಂತ ಕೇಳಲು ಗುರುತಿನ ಆಶಾ ಕಾರ್ಯಕರ್ತೆಯೇ ಬೇಕು.

ನಿಮ್ಮ ಮನೆಯಲ್ಲೂ ಹೀಗೆ ಕೂರುವವರು ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಅಂತ ಇರುವ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.