ಊಟದ ಹೊತ್ತಿಗೆ ಹೋಗಿ ನೋಡಿ

"ನಮ್ಮ ಕಾಲ ಆದ್ಮೇಲೆ ಇವನನ್ನ ಯಾರು ನೋಡ್ಕೊಳ್ತಾರೆ ಮೇಡಂ?" ಶಿರಸಿ, ಕುಮಟಾ, ಕಾರವಾರ, ಎಲ್ಲಿ ಥೆರಪಿ ಕೊಡಲು ಹೋದರೂ ಅಂಗವೈಕಲ್ಯ ಇರುವವರ ತಂದೆತಾಯಿ ನನ್ನನ್ನು ಕೇಳುವುದು ಇದನ್ನೇ. ಮಗನಿಗೆ ಮೂವತ್ತು ದಾಟಿರುತ್ತದೆ. ಅವನನ್ನು ಎತ್ತಿ ಕೂರಿಸುವ ಶಕ್ತಿ ಅಮ್ಮನ ಸೊಂಟದಲ್ಲಿ ಉಳಿದಿರುವುದಿಲ್ಲ. ಆಗ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ವಸತಿ ಕೇಂದ್ರದ ಹುಡುಕಾಟ ಶುರು. ನೋಡಿ ಬಂದವರು ಟೈಲ್ಸ್, ಸಿಸಿಟಿವಿ, ಹೂದೋಟದ ಬಗ್ಗೆ ಹೇಳುತ್ತಾರೆ. ಊಟದ ಹೊತ್ತಿಗೆ ಹೋಗಿದ್ರಾ ಅಂತ ನಾನು ಕೇಳುತ್ತೇನೆ.

ನಮ್ಮ ಕಡೆ ಯಾರಿಗೆ ಹುಷಾರಿಲ್ಲದಿದ್ದರೂ ಕುಚ್ಚಲಕ್ಕಿ ಗಂಜಿ. ಸಲೀಸಾಗಿ ಇಳಿಯುತ್ತದೆ ಅಂತ ನಂಬಿಕೆ. ಆದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದು ನುಂಗಲು ತೊಂದರೆ ಇರುವವರಿಗೆ ಅದು ಬಲು ಕಷ್ಟದ ಊಟ. ಅಗುಳು ಬಾಯಲ್ಲೇ ಇರುತ್ತದೆ, ತಿಳಿ ಮೊದಲೇ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಪದೇ ಪದೇ ಜ್ವರ, ಕಫ ಬಂದರೆ ಮಳೆಗಾಲದ ಥಂಡಿ ಅಂತ ಸುಮ್ನಾಗುತ್ತಾರೆ. ಅದು ನ್ಯುಮೋನಿಯಾಕ್ಕೆ ತಿರುಗಬಹುದು. ಇಂಥವರ ಗಂಜಿಯನ್ನು ಮಿಕ್ಸಿಗೆ ಹಾಕಿ ಒಂದೇ ಹದಕ್ಕೆ ತರಬೇಕು. ಎಷ್ಟು ದಪ್ಪ ಅಂತ, ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಹೇಳಬೇಕು.

ತಿನ್ನಿಸುವವರನ್ನೂ ಗಮನಿಸಿ. ನಿಂತು ತಿನ್ನಿಸುವವರೇ ಜಾಸ್ತಿ. ಆಗ ಕೂತವನ ಗದ್ದ ಮೇಲೇಳುತ್ತದೆ, ಕತ್ತು ಹಿಂದಕ್ಕೆ ವಾಲುತ್ತದೆ, ತುತ್ತು ದಾರಿ ತಪ್ಪುತ್ತದೆ. ಅದೇ ತಿನ್ನಿಸುವ ಅಕ್ಕ ಸ್ಟೂಲ್ ಎಳೆದು ಎದುರು ಕೂತರೆ ಗದ್ದ ತಾನಾಗಿ ಕೆಳಗಿಳಿಯುತ್ತದೆ. ಆದರೆ ಒಬ್ಬಳಿಗೇ ಎಂಟು ತಟ್ಟೆ ಒಪ್ಪಿಸಿದರೆ ಅವಳು ಕೂರುವುದು ಯಾವಾಗ? ಬೈಯುವುದಿದ್ದರೆ ಆಡಳಿತದವರನ್ನು ಬೈಯಿರಿ. ಊಟವಾದ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸುತ್ತಾರೋ, ಕೂಡಲೇ ಮಲಗಿಸುತ್ತಾರೋ ಅದನ್ನೂ ನೋಡಿ.

ಬಾಯಿ ತೆರೆಯದಿದ್ದರೆ "ಹಠ" ಅಂತ ಬರೆದಿಡುವ ಕೇಂದ್ರಗಳಿವೆ. ಮಾತು ಬಾರದವರ ಹಠದ ಹಿಂದೆ ಹಲ್ಲುನೋವೋ ಮಲಬದ್ಧತೆಯೋ ಇರಬಹುದು, ಮೊದಲು ಅದನ್ನು ನೋಡಬೇಕು. ಮನೆಯಲ್ಲಿ ಕೊಂಕಣಿ ಕೇಳಿ ಬೆಳೆದವನಿಗೆ ಘಟ್ಟದ ಮೇಲಿನ ಕೇಂದ್ರದಲ್ಲಿ ಕಿವಿಗೆ ಬೀಳುವ ಮಾತೂ ಹೊಸದು. ಬೇಡ ಅನ್ನಲು, ನೋವು ಅನ್ನಲು ಅವನು ಏನು ಮಾಡುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಅಮ್ಮನ ಬಿಟ್ಟರೆ ಬೇರೆ ಯಾರಿಗೂ ಇದು ಗೊತ್ತಿರುವುದಿಲ್ಲ, ಅಲ್ವಾ?

ಕಾಗದಪತ್ರದ ವಿಷಯ ಎರಡೇ. ಕೇಂದ್ರಕ್ಕೆ ನೋಂದಣಿ ಇದೆಯೇ ಕೇಳಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅದು ಬೇಕು. ಇನ್ನೊಂದು, ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹು ಅಂಗವೈಕಲ್ಯ ಇರುವ ಮಗನಿಗೆ 18 ತುಂಬಿದ್ದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರ (ಲೀಗಲ್ ಗಾರ್ಡಿಯನ್) ನೇಮಕಕ್ಕೆ ಅರ್ಜಿ ಹಾಕಬಹುದು. ಅದನ್ನು ನೋಡುವ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಶಿರಸಿಯವರು ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಘಟ್ಟ ಇಳಿಯಬೇಕು, ಏನು ಮಾಡೋದು.

ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಕೇಳಿ. ಫಿಟ್ಸ್ 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಲೇಬೇಕು. ಗಾಡಿ ಯಾವುದು, ಆಷಾಢದ ಮಳೆಯಲ್ಲಿ ರಸ್ತೆ ಬಂದಾದರೆ ಯಾವ ಊರಿಗೆ ಒಯ್ಯುತ್ತಾರೆ ಅನ್ನುವುದು ಅಲ್ಲಿಯವರಿಗೆ ಬಾಯಿಪಾಠ ಇರಬೇಕು. ಒಮ್ಮೆಲೇ ಬಿಟ್ಟು ಬರಬೇಡಿ. ಮೊದಲು ಒಂದು ವಾರ ಇರಿಸಿ, ನಡುವೆ ಒಂದು ದಿನ ಹೇಳದೆ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಹೋಗಿ.