ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂರುವ ಆ ಒಂದು ಗಂಟೆ

ಮಾಹಿತಿ ತಂತ್ರಜ್ಞಾನ ಸಮ್ಮೇಳನದ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿ. ದಿನವಿಡೀ ನಾಲ್ಕೈದು ಗೋಷ್ಠಿಗಳು ಏಕಕಾಲಕ್ಕೆ ನಡೆಯುತ್ತವೆ. ಡೇಟಾಬೇಸ್ ನೋಡಿಕೊಳ್ಳುವವರು ಒಂದು ಕೋಣೆಗೆ, ಭದ್ರತೆಯವರು ಇನ್ನೊಂದಕ್ಕೆ, ಟೆಸ್ಟಿಂಗ್ ಮಾಡುವವರು ಮತ್ತೊಂದಕ್ಕೆ ಹೋಗುತ್ತಾರೆ. ಎಲ್ಲರೂ ಒಟ್ಟಿಗೆ ಕೂರುವುದು ದಿಕ್ಸೂಚಿ ಭಾಷಣದ ಹೊತ್ತಿನಲ್ಲಿ ಮಾತ್ರ. ಹಲವು ವರ್ಷಗಳಿಂದ ಕಾರ್ಯಕ್ರಮ ಸಮಿತಿಗಳಲ್ಲಿ ಕುಳಿತು ಭಾಷಣಕಾರರನ್ನು ಆರಿಸುತ್ತ ಬಂದಿದ್ದೇನೆ. ಇಡೀ ಸಮ್ಮೇಳನದಲ್ಲಿ ಆ ಒಂದು ಗಂಟೆಯಷ್ಟು ಬೆಲೆಯುಳ್ಳದ್ದು ಬೇರೊಂದಿಲ್ಲ. ಅಷ್ಟೇ ಸುಲಭವಾಗಿ ಪೋಲಾಗುವುದೂ ಅದೇ.

ದಿಕ್ಸೂಚಿ ಭಾಷಣದ ಇಂಗ್ಲಿಷ್ ಮೂಲಪದ ಕೀನೋಟ್ ಸಂಗೀತದಿಂದ ಬಂದದ್ದು. ಹಾಡು ನೆಲೆ ನಿಲ್ಲುವ ಆಧಾರ ಸ್ವರ ಅದು. ಕನ್ನಡ ಪತ್ರಿಕೆಗಳು ದಿಕ್ಸೂಚಿ ಭಾಷಣ ಎಂದು ಬರೆಯುತ್ತವೆ, ಆಶಯ ಭಾಷಣ ಎನ್ನುವವರೂ ಇದ್ದಾರೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ಶ್ರುತಿ ಹಿಡಿಯುವುದು ಎಂಬ ಮಾತು. ಶ್ರುತಿ ಹಿಡಿಯುವವರು ತಾವೇ ಹಾಡಿ ಮುಗಿಸುವುದಿಲ್ಲ, ಉಳಿದವರು ಹಾಡಲು ಆಧಾರ ಕೊಡುತ್ತಾರೆ.

ಈ ಗಂಟೆ ಪೋಲಾಗುವ ಬಗೆ ಬಹುತೇಕ ಒಂದೇ. ಒಮ್ಮೆ ದೊಡ್ಡ ಪ್ರಾಯೋಜಕರೊಬ್ಬರು ಹಣ ಕೊಡುವುದರ ಜೊತೆಗೆ ಬೆಳಗಿನ ದಿಕ್ಸೂಚಿ ಭಾಷಣದ ವೇದಿಕೆಯನ್ನೂ ಕೇಳಿದರು. ನಾವು ಒಪ್ಪಿದೆವು. ಬಂದವರು ಸಜ್ಜನರು, ಉನ್ನತ ಹುದ್ದೆಯವರು. ಆದರೆ ಹತ್ತನೆಯ ನಿಮಿಷದಿಂದ ಕೊನೆಯವರೆಗೂ ಅವರು ತೋರಿಸಿದ್ದು ತಮ್ಮ ಸಂಸ್ಥೆಯ ಉತ್ಪನ್ನಗಳನ್ನು. ಹಿಂದಿನ ಸಾಲುಗಳು ಖಾಲಿಯಾಗುತ್ತಿದ್ದುದನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ. ಆರುನೂರು ಜನರ ಒಂದು ಗಂಟೆ ಎಂದರೆ ಆರುನೂರು ಗಂಟೆ. ಅದನ್ನು ಮಾರುವ ಹಕ್ಕು ಸಮಿತಿಗೆ ಇರಲಿಲ್ಲ. ಅಂದಿನಿಂದ ಪ್ರಾಯೋಜಕರಿಗೆ ಮಳಿಗೆ ಕೊಡುತ್ತೇವೆ, ಪ್ರತ್ಯೇಕ ಗೋಷ್ಠಿಯನ್ನೂ ಕೊಡುತ್ತೇವೆ, ಅದರ ಮೇಲೆ ಪ್ರಾಯೋಜಿತ ಎಂದು ಬರೆಯುತ್ತೇವೆ. ಶ್ರುತಿ ಹಿಡಿಯುವ ಜಾಗ ಮಾತ್ರ ಮಾರಾಟಕ್ಕಿಲ್ಲ.

ಹಾಗಾದರೆ ಯಾರನ್ನು ಕರೆಯಬೇಕು? ಸಮಿತಿಯ ಮೊದಲ ಸಭೆಯಲ್ಲಿ ಬರುವ ಹೆಸರುಗಳೆಲ್ಲ ಪ್ರಸಿದ್ಧರದ್ದೇ. ಪ್ರಸಿದ್ಧಿ ತಪ್ಪಲ್ಲ, ಆದರೆ ಅದು ಟಿಕೆಟ್ ಮಾರುತ್ತದೆಯೇ ಹೊರತು ಭಾಷಣ ಕಟ್ಟಿಕೊಡುವುದಿಲ್ಲ. ಹೆಸರು ಯಾವುದೇ ಇರಲಿ, ನಾನು ಅವರ ಹಳೆಯ ಭಾಷಣದ ಧ್ವನಿಮುದ್ರಿಕೆ ಹುಡುಕಿ ಕೊನೆಯ ಪ್ರಶ್ನೋತ್ತರವನ್ನು ಮೊದಲು ಕೇಳುತ್ತೇನೆ. ಭಾಷಣವನ್ನು ಇನ್ನೊಬ್ಬರು ಬರೆದುಕೊಟ್ಟಿರಬಹುದು, ಉತ್ತರವನ್ನು ಅವರೇ ಕೊಡಬೇಕು. ಬಳಿಕ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ: ಈಚಿನ ದಿನಗಳಲ್ಲಿ ನಿಮ್ಮ ಕೆಲಸದ ಯಾವ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬದಲಾಗಿದೆ? ಕೈಯಾರೆ ಕೆಲಸ ಮಾಡುವವರು ಒಂದು ಕ್ಷಣ ಸುಮ್ಮನಾಗಿ, ಬಳಿಕ ನಿರ್ದಿಷ್ಟವಾದ ಯಾವುದೋ ಒಂದನ್ನು ಹೇಳುತ್ತಾರೆ. ಕೆಲಸದಿಂದ ದೂರ ಸರಿದವರು ಉದ್ಯಮದ ಭವಿಷ್ಯದ ಬಗ್ಗೆ ಮಾತಾಡತೊಡಗುತ್ತಾರೆ.

ಅಭಿಪ್ರಾಯ ಬದಲಾದುದನ್ನು ವೇದಿಕೆಯ ಮೇಲೆ ಹೇಳುವ ಧೈರ್ಯ ದೊಡ್ಡದು. ಪ್ರೋಗ್ರಾಮರ್ ರಯಾನ್ ಡಾಲ್ 2009ರಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಇಯು ಸಮ್ಮೇಳನದಲ್ಲಿ, ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮ್‌ಗಳನ್ನು ಬ್ರೌಸರಿನ ಹೊರಗೂ ನಡೆಸುವ ತಮ್ಮ ತಂತ್ರಾಂಶ ನೋಡ್ ಜೆಎಸ್ ಅನ್ನು ಪರಿಚಯಿಸಿದರು. 2018ರಲ್ಲಿ ಅದೇ ಸಮ್ಮೇಳನಕ್ಕೆ ಬಂದು ಅದರ ವಿನ್ಯಾಸದಲ್ಲಿ ತಾವು ವಿಷಾದಿಸುವ 10 ಸಂಗತಿಗಳನ್ನು ಬಿಡಿಸಿಟ್ಟರು. ಭದ್ರತೆಗೆ ಸಾಕಷ್ಟು ಗಮನ ಕೊಡದಿದ್ದುದು, ಬೇರೆಯವರು ಬರೆದ ಸಿದ್ಧ ಕೋಡ್‌ನ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವ ವ್ಯವಸ್ಥೆಯನ್ನು ಜಟಿಲಗೊಳಿಸಿದ್ದು, ಹೀಗೆ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ತಾವು ಸೇರಿಸಿದ ನಲ್ ರೆಫರೆನ್ಸ್, ಅಂದರೆ ಯಾವುದನ್ನೂ ಸೂಚಿಸದ ಖಾಲಿ ಸೂಚಕ, ನೂರು ಕೋಟಿ ಡಾಲರಿನ ತಪ್ಪು ಎಂದು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 2009ರಲ್ಲಿ ಲಂಡನ್‌ನಲ್ಲಿ ಹೇಳಿದ್ದೂ ಇದೇ ಜಾತಿಯ ಮಾತು. ಅಳವಡಿಸುವುದು ಸುಲಭವಾಗಿತ್ತು, ಅದಕ್ಕೇ ಸೇರಿಸಿದೆ ಎಂದರು ಅವರು. ಆ ಆಮಿಷಕ್ಕೆ ಒಳಗಾಗದ ಪ್ರೋಗ್ರಾಮರ್ ಯಾರಿದ್ದಾರೆ?

ನಾನು ಮತ್ತೆ ಮತ್ತೆ ಮರಳಿ ನೋಡುವ ಭಾಷಣ ಕಂಪ್ಯೂಟರ್ ವಿಜ್ಞಾನಿ ಗೈ ಸ್ಟೀಲ್ ಅವರದ್ದು. ಪ್ರೋಗ್ರಾಮಿಂಗ್ ಕುರಿತ 1998ರ ಊಪ್ಸ್ಲಾ ಸಮ್ಮೇಳನದಲ್ಲಿ ಅವರು ಪ್ರೋಗ್ರಾಮಿಂಗ್ ಭಾಷೆಗಳು ಬೆಳೆಯುವ ಬಗೆಯನ್ನು ಕುರಿತು ಮಾತಾಡಿದರು. ಮಾತು ವಿಚಿತ್ರವಾಗಿ ಕೇಳಿಸುತ್ತಿತ್ತು, ಎಲ್ಲವೂ ಚುಟುಕು ಪದಗಳು. ಸ್ವಲ್ಪ ಹೊತ್ತಾದ ಮೇಲೆ ಅವರು ಗುಟ್ಟು ಬಿಟ್ಟುಕೊಟ್ಟರು. ಇಂಗ್ಲಿಷಿನ ಒಂದೇ ಉಚ್ಚಾರಾಂಶದ ಪದಗಳನ್ನಷ್ಟೇ ಬಳಸುವುದು, ಅದಕ್ಕಿಂತ ಉದ್ದದ ಪದ ಬೇಕಾದರೆ ಮೊದಲು ಅದರ ಅರ್ಥವನ್ನು ಹೇಳಿ ಆಮೇಲೆ ಬಳಸುವುದು, ಇದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಚಿಕ್ಕ ಭಾಷೆಯೊಂದನ್ನು ಕೊಟ್ಟು, ಅದನ್ನು ಬೆಳೆಸುವ ದಾರಿಯನ್ನೂ ಬಳಕೆದಾರರ ಕೈಗೆ ಕೊಡಬೇಕು ಎಂಬುದು ಅವರ ವಾದ. ಸಭಿಕರು ಆ ವಾದವನ್ನು ಕೇಳುವ ಮೊದಲೇ ಅದರ ಕಷ್ಟವನ್ನೂ ಸೊಗಸನ್ನೂ ಅನುಭವಿಸಿಬಿಟ್ಟಿದ್ದರು. ಎಷ್ಟು ದಿನಗಳ ಸಿದ್ಧತೆ ಇದ್ದಿರಬೇಕು ಅದರ ಹಿಂದೆ! ಕೇಳುವವರ ಸಮಯಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕಂಡಿಲ್ಲ.

ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶವಾದ ಕಂಪೈಲರ್ ಅನ್ನು ಮೊದಮೊದಲು ಬರೆದವರಲ್ಲಿ ಒಬ್ಬರಾದ, ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್ ಇನ್ನೂ ಸರಳವಾದ ದಾರಿ ಹಿಡಿದರು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚಿ, ಒಂದು ನ್ಯಾನೊ ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಲ್ಲದು ಎನ್ನುತ್ತಿದ್ದರು. ಉಪಗ್ರಹದ ಮೂಲಕ ಸಂದೇಶ ಹೋಗಲು ಏಕೆ ಅಷ್ಟು ಹೊತ್ತು ಎಂದು ಕೇಳುವ ಸೇನಾಧಿಕಾರಿಗೂ ಅದು ಉತ್ತರ, ಸರ್ಕಿಟ್ ವಿನ್ಯಾಸ ಮಾಡುವವರಿಗೂ ಅದು ಉತ್ತರ. ಬೇರೆ ಬೇರೆ ಕೋಣೆಗಳಿಗೆ ಚದುರುವ ಜನರನ್ನು ಒಂದುಗೂಡಿಸುವುದು ಹೀಗೆ.

ಹಾಪರ್ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. ಮಹಿಳೆಯೊಬ್ಬರನ್ನು ವೇದಿಕೆಗೆ ಕರೆದು, ತಂತ್ರಜ್ಞಾನ ಕ್ಷೇತ್ರದಲ್ಲಿ ಮಹಿಳೆಯರು ಎಂಬ ವಿಷಯವನ್ನೇ ಅವರ ಕೈಗಿಡುವ ಸಮಿತಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಂಪೈಲರ್ ಬರೆದವರಿಗೆ ಕಂಪೈಲರ್ ಬಗ್ಗೆ ಹೇಳಲು ಬಿಡಿ.

ಇನ್ನು ವೇದಿಕೆಯ ಮೇಲೆ ನೇರ ಡೆಮೊ. ಕೊನೆಯ ವಾರದಲ್ಲಿ ಹೆಚ್ಚು ನಿದ್ದೆ ಕೆಡಿಸುವುದು ಇದೇ. 1998ರ ಏಪ್ರಿಲ್ 20ರಂದು ಷಿಕಾಗೊದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ ಬಿಲ್ ಗೇಟ್ಸ್ ಎದುರೇ ಸಹೋದ್ಯೋಗಿ ಸ್ಕ್ಯಾನರ್ ಜೋಡಿಸಿದಾಗ ವಿಂಡೋಸ್ 98 ಕುಸಿದು ಪರದೆ ನೀಲಿಯಾಯಿತು. 2010ರ ಜೂನ್‌ನಲ್ಲಿ ಐಫೋನ್ 4 ತೋರಿಸುತ್ತಿದ್ದ ಸ್ಟೀವ್ ಜಾಬ್ಸ್‌ಗೆ ವೈಫೈ ಸಿಗಲಿಲ್ಲ. ಸಭಾಂಗಣದೊಳಗೇ 500ಕ್ಕೂ ಹೆಚ್ಚು ವೈರ್‌ಲೆಸ್ ಕೇಂದ್ರಗಳು ಚಾಲೂ ಇದ್ದವು, ಎಲ್ಲವನ್ನೂ ಬಂದ್ ಮಾಡಿ ಎಂದು ಅವರು ಸಭಿಕರನ್ನು ಕೇಳಬೇಕಾಯಿತು. ಆದ್ದರಿಂದ ವೇದಿಕೆಗೆ ತಂತಿಯ ಸಂಪರ್ಕವನ್ನೇ ಎಳೆಸುತ್ತೇನೆ, ಡೆಮೊದ ವಿಡಿಯೊ ದಾಖಲೆಯೊಂದನ್ನೂ ಮುಂಚಿತವಾಗಿ ತೆಗೆದಿಟ್ಟುಕೊಳ್ಳಲು ಹೇಳುತ್ತೇನೆ.

ಹಾಗೆಂದು ಡೆಮೊ ಬೇಡವೆನ್ನಲಾರೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 1,000 ಕಂಪ್ಯೂಟರ್ ತಜ್ಞರ ಮುಂದೆ 90 ನಿಮಿಷ ಕುಳಿತು ಮೌಸ್, ಕೊಂಡಿಗಳಿರುವ ಪಠ್ಯವಾದ ಹೈಪರ್‌ಟೆಕ್ಸ್ಟ್, ವಿಡಿಯೊ ಮಾತುಕತೆ ಎಲ್ಲವನ್ನೂ ಚಾಲನೆಯಲ್ಲೇ ತೋರಿಸಿದರು. ಕಂಪ್ಯೂಟರ್ ಇದ್ದದ್ದು ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿ, ಚಿತ್ರ ಬಂದದ್ದು ಮೈಕ್ರೋವೇವ್ ಸಂಪರ್ಕದ ಮೂಲಕ. ಈ ಕಥೆಯಲ್ಲಿ ನನಗೆ ಎಂಗೆಲ್‌ಬಾರ್ಟ್‌ರಷ್ಟೇ ಮುಖ್ಯರಾದವರು ಬಿಲ್ ಇಂಗ್ಲಿಷ್. ಸಭಾಂಗಣದಲ್ಲಿ ಮರೆಯಲ್ಲಿ ಕುಳಿತು ಕ್ಯಾಮೆರಾಗಳನ್ನೂ ಪರದೆಯನ್ನೂ ನಿಭಾಯಿಸಿದವರು ಅವರು. ಧ್ವನಿ ಮತ್ತು ಪರದೆ ನೋಡಿಕೊಳ್ಳುವ ತಂಡವನ್ನು ಹಿಂದಿನ ಸಂಜೆಯೇ ಭಾಷಣಕಾರರಿಗೆ ಹೆಸರು ಹೇಳಿ ಪರಿಚಯಿಸುವುದು ನನ್ನ ರೂಢಿ. ಮೈಕ್ ಕೈಕೊಟ್ಟಾಗ ಯಾರತ್ತ ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು, ಅರ್ಧ ಗಾಬರಿ ಇಳಿಯುತ್ತದೆ.

ಆಹ್ವಾನ ಪತ್ರದ ಬಗ್ಗೆಯೂ ಎರಡು ಮಾತು. ನಿಮಗೆ ಇಷ್ಟವಾದ ವಿಷಯದ ಬಗ್ಗೆ ಮಾತಾಡಿ ಎಂದು ಬರೆಯುವುದು ಔದಾರ್ಯದಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಸಮಿತಿ ತನ್ನ ಕೆಲಸ ಮಾಡಿಲ್ಲ ಎಂಬುದರ ಗುರುತು. ಕೇಳುವವರು ಯಾರು, ಎಷ್ಟು ವರ್ಷ ಕೆಲಸ ಮಾಡಿದವರು, ಈಗ ಅವರನ್ನು ಕಾಡುತ್ತಿರುವುದು ಏನು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳಿಸುತ್ತೇನೆ. ಗೌರವಧನ, ಪ್ರಯಾಣದ ಖರ್ಚು ಎಷ್ಟೆಂಬುದೂ ಅದೇ ಪತ್ರದಲ್ಲಿರುತ್ತದೆ. ಸಮಯ 45 ನಿಮಿಷ, ಪ್ರಶ್ನೆಗಳಿಗೆ ಬೇರೆ 15. ಮೊದಲ ಪ್ರಶ್ನೆಯ ಮೈಕ್ ಹಿಂದಿನ ಸಾಲಿಗೆ ಹೋಗುತ್ತದೆ, ಮುಂದಿನ ಸಾಲಿನವರಿಗೆ ಆಮೇಲೂ ಮಾತಾಡುವ ಅವಕಾಶ ಸಿಕ್ಕೇ ಸಿಗುತ್ತದೆ.

ಪತ್ರದ ಕೊನೆಯ ಸಾಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೊಡನೆ ಕೂರಬೇಕೆಂಬ ವಿನಂತಿ ಇರುತ್ತದೆ. ಸಭೆಯಲ್ಲಿ ಕೈ ಎತ್ತಲು ಹಿಂಜರಿದ ಹೊಸಬರು ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತು ಕೇಳುವ ಪ್ರಶ್ನೆಗಳು ಅಲ್ಲೇ ಹುಟ್ಟುತ್ತವೆ. ಭಾಷಣ ಮುಗಿದೊಡನೆ ಕಾರು ಹತ್ತಬೇಕಾದವರು ಎಷ್ಟೇ ದೊಡ್ಡವರಾಗಿರಲಿ, ಅವರ ಹೆಸರನ್ನು ಮುಂದಿನ ವರ್ಷದ ಪಟ್ಟಿಗೆ ಬರೆದುಕೊಳ್ಳುತ್ತೇನೆ, ಉಳಿಯುವಷ್ಟು ಬಿಡುವು ಸಿಕ್ಕಾಗ ಬರಲಿ ಎಂದು.